ಫಾಯಿಲ್ ಮೂಲೆ

ರೋಲಂಡ್ ಲಾರ್ಟರ್‌ಗೆ ಚಿನ್ನ ಸಿಕ್ಕಿರಲಿಲ್ಲ. ಇಂಗ್ಲೆಂಡಿನ ನಾರ್ಫೋಕ್‌ನ ಹೊಲಗಳಲ್ಲಿ, ಮಣ್ಣಿನೊಳಗಿನ ಲೋಹ ಹುಡುಕುವ ಡಿಟೆಕ್ಟರ್ ಹಿಡಿದು ಅಲೆಯುವ ನಮ್ಮಂಥವರ ನಡುವೆ ಇದು ಸಣ್ಣ ಮಾತಲ್ಲ. ನಿನ್ನೆ ಮೊನ್ನೆ ನಮ್ಮ ಸಂಘ ಸೇರಿದವರಿಗೂ ಒಂದು ಉಂಗುರವೋ ಒಡವೆಯ ಚೂರೋ ಸಿಕ್ಕಿ, ಅವರು ಹೊಲದ ನಡುವೆ ನಿಂತು ಕುಣಿದದ್ದಾಗಿದೆ. ಚಿನ್ನ ಸಿಕ್ಕವರು ಸಿಕ್ಕ ಜಾಗದಲ್ಲೇ ಕುಣಿಯಬೇಕು. ಅದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಮಂಡಿನೋವು, ಕೆಸರು, ನೋಡುವವರು ನಗುತ್ತಾರೆ ಎಂಬ ಯಾವ ನೆಪವೂ ನಡೆಯುವುದಿಲ್ಲ. ನಾನು ಎರಡು ಸಲ ಕುಣಿದಿದ್ದೇನೆ. ಎರಡು ಸಲವೂ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದವನು ರೋಲಂಡ್.

ಅವನಿಗೆ ಸಿಕ್ಕದ್ದು ಬೇರೆಲ್ಲ. ಸಿಪಾಯಿಗಳ ಕೋಟಿನ ಗುಂಡಿ, ಸೀಸದ ಗುಂಡು, ಸವೆದು ರಾಣಿಯ ಮೂಗೂ ಕಾಣದ ತಾಮ್ರದ ಪೆನ್ನಿಗಳು, ಒಮ್ಮೆ ಅರ್ಧ ನೇಗಿಲು. ಆ ನೇಗಿಲನ್ನೂ ಅವನು ಮನೆಗೆ ಹೊತ್ತೊಯ್ದು ತೊಳೆದು ಗ್ಯಾರೇಜಿನ ಗೋಡೆಗೆ ನೇತುಹಾಕಿದ. ಅಂಥವನು.

ಈಗ ಅವನ ಕಿವಿ ಕೈಕೊಡುತ್ತಿತ್ತು. ಬಟಾಣಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಡೀ ಆಯಸ್ಸು ಕಳೆದ ಕಿವಿ. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಮೊಮ್ಮಗಳ ಮಾತು. ಮೇಲಿನ ಸ್ವರಗಳೆಲ್ಲ ಹೋಗಿ ಕೆಳಗಿನವು ಮಾತ್ರ ಉಳಿದಿವೆ, ಅವೂ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮ್ಮ ಹವ್ಯಾಸವೋ ಪೂರ್ತಿ ಕಿವಿಯದ್ದು. ಹೊಸ ಯಂತ್ರಗಳಲ್ಲಿ ಪರದೆ ಇದೆ, ಯಾವ ಲೋಹ ಎಂದು ತೋರಿಸುವ ಅಂಕಿ ಇದೆ. ರೋಲಂಡ್‌ನ ಹಳೆಯ ಯಂತ್ರದಲ್ಲಿ ಎರಡು ಗುಂಡಿ, ನೆಲದ ಮೇಲೆ ಆಡಿಸುವ ಒಂದು ತಟ್ಟೆ, ಒಂದು ಸದ್ದು. ಹೊಸದು ತೆಗೆದುಕೋ ಎಂದರೆ ಕೇಳುವವನಲ್ಲ.

"ಅಂಕಿ ಓದಕ್ಕೆ ನಾನೇನ್ ಬ್ಯಾಂಕಿಗೆ ಹೋಗ್ತಿದ್ದೀನಾ, ಕ್ಲೈವ್?" ಎಂದಿದ್ದ. "ಒಂದೇ ಒಂದ್ ಸಲ ಚಿನ್ನ ಹೆಂಗೆ ಕೂಗುತ್ತೆ ಅಂತ ಈ ಕಿವೀಲಿ ಕೇಳ್ಬೇಕು. ಆಮೇಲೆ ಹೋದ್ರೆ ಹೋಗ್ಲಿ."

ನಾನು ಅದಕ್ಕೆ ಏನೋ ತಮಾಷೆ ಮಾಡಿದೆ. ಆದರೆ ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಸೆಪ್ಟೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ಮಿಸೆಸ್ ಅಟ್ಟಿಂಗ್ ಅವರ ಹೊಲಕ್ಕೆ ಹೋದೆವು. ವಯಸ್ಸಾದ ಹೆಂಗಸು, ಗಂಡ ಹೋದಮೇಲೂ ಬೇಸಾಯ ಬಿಟ್ಟವರಲ್ಲ. ನಮ್ಮಿಬ್ಬರಿಗೂ ವರ್ಷ ವರ್ಷವೂ ಹೊಲಕ್ಕಿಳಿಯಲು ಅಪ್ಪಣೆ ಕೊಡುತ್ತಿದ್ದವರು. ಗೋಧಿ ಕೊಯ್ದಾಗಿತ್ತು, ಕೂಳೆ ಮಾತ್ರ ನಿಂತಿತ್ತು.

"ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್ ಬರುತ್ತೆ ಕಣ್ರಪ್ಪಾ," ಎಂದರು ಗೇಟಿನ ಹತ್ತಿರ. "ಏನ್ ಹುಡುಕ್ತೀರೋ ಇವತ್ತೇ ಹುಡುಕ್ಕೊಳಿ. ಗುಂಡಿ ಮುಚ್ಚೋದು ಮರೀಬೇಡಿ. ಹೋದ್ವರ್ಷ ನನ್ ಕಾಲು ಉಳುಕಿದ್ದು ಯಾರ್ ಗುಂಡೀಲಿ ಅಂತ ನಂಗೊತ್ತು."

ಅವರು ನನ್ನನ್ನೇ ನೋಡಿ ಹೇಳಿದರು. ಅದು ಮೊಲದ ಬಿಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

ಹೊಲದ ಒಳ್ಳೆಯ ಭಾಗ ಕೆಳಗಿನ ಇಳಿಜಾರು. ನಾನು ಅತ್ತ ಹೊರಟೆ. ರೋಲಂಡ್ ಮೇಲಕ್ಕೆ, ಓಕ್ ಮರದ ಕಡೆಗೆ ನಡೆದ. ನಾವು ಫಾಯಿಲ್ ಮೂಲೆ ಎಂದು ಕರೆಯುವ ಜಾಗ ಅದು. ಚಳಿಗಾಲದಲ್ಲಿ ಹಕ್ಕಿ ಹೊಡೆಯಲು ಬಂದವರು ಆ ಮರದಡಿ ಕೂತು ಬುತ್ತಿ ಬಿಚ್ಚುತ್ತಾರೆ. ಅವರಪ್ಪಂದಿರೂ ಅಲ್ಲೇ ಬಿಚ್ಚಿದವರು. ಬ್ರೆಡ್ಡು ಸುತ್ತಿದ ಅಲ್ಯೂಮಿನಿಯಂ ಫಾಯಿಲ್, ಬಿಯರ್ ಡಬ್ಬಿಯಿಂದ ಕಿತ್ತ ಉಂಗುರ, ಎಲ್ಲವನ್ನೂ ನೇಗಿಲು ಮಣ್ಣಿಗೆ ಬೆರೆಸಿದೆ.

"ಲೋ, ಅಲ್ಲೇನೋ ಮಾಡ್ತೀಯ?" ಎಂದು ಕೂಗಿದೆ. "ಬ್ರೆಡ್ ಸಿಗುತ್ತೆ ಅಂತಾನಾ?"

ಅವನಿಗೆ ಕೇಳಿಸಲಿಲ್ಲ. ಕಿವಿಯೊಳಗಿನ ಶ್ರವಣಯಂತ್ರ ಹೆಡ್‌ಫೋನ್ ಕೆಳಗೆ ಕಿರುಚುತ್ತದೆ ಎಂದು ಅದನ್ನು ತೆಗೆದು ಜೇಬಿಗೆ ಹಾಕಿದ್ದ. ನಾನು ಹತ್ತಿರ ಹೋಗಿ ಮತ್ತೆ ಕೇಳಿದೆ.

"ಆ ಇಳಿಜಾರಲ್ಲಿ ನಂಗೇನೂ ಕೇಳ್ಸಲ್ಲ ಕಣೋ," ಎಂದ. "ಬೆಳ್ಳಿ, ತಾಮ್ರ ಎಲ್ಲಾ ಹಕ್ಕಿ ಥರ ಮೇಲಿನ ಸ್ವರದಲ್ಲಿ ಕೂಗ್ತವೆ. ಆ ಹಕ್ಕಿ ನಂಗೆ ಹಾರ್ಹೋಯ್ತು. ಇಲ್ಲಾದ್ರೆ ಏನೋ ಒಂದು ಕೇಳ್ಸುತ್ತೆ. ಸುಮ್ನೆ ನಡೀತಾ ಸದ್ದಿಲ್ದೆ ಇರೋದಕ್ಕಿಂತ ಫಾಯಿಲ್ಲೇ ವಾಸಿ."

ನಗುತ್ತಲೇ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ.

ಆ ಸದ್ದು ನಮಗೆಲ್ಲ ಗೊತ್ತಿರುವುದೇ. ಕಬ್ಬಿಣ ಗೊರಗುಟ್ಟುತ್ತದೆ, ಬೆಳ್ಳಿ ಕೀಚುತ್ತದೆ, ಇವೆರಡರ ನಡುವೆ ಮುಚ್ಚಿದ ಬಾಗಿಲ ಹಿಂದೆ ಯಾರೋ ಕೆಮ್ಮಿದಂಥ ಒಂದು ಮಂಕು ಸದ್ದಿದೆ. ಅದು ಫಾಯಿಲ್. ತೆಳು ಚಿನ್ನವೂ ಹಾಗೇ ಕೆಮ್ಮುತ್ತದೆ ಎಂದು ಸಂಘದಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುತ್ತಾರೆ, ಅಗೆಯುವುದಿಲ್ಲ. ಬೆಳಗಿನಿಂದ ಸಂಜೆವರೆಗೂ ಬಗ್ಗಿ ಎದ್ದು ಫಾಯಿಲ್ ಉಂಡೆಗಳನ್ನು ಗುಡ್ಡೆ ಹಾಕಿದವನಿಗೆ ಆ ಕೆಮ್ಮು ಕೇಳಿದರೆ ಕಾಲು ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ನನಗೆ ಸಿಕ್ಕ ಎರಡು ಚಿನ್ನದ ಉಂಗುರಗಳೂ ದಪ್ಪದವು, ಅವು ಮೇಲಿನ ಸ್ವರದಲ್ಲೇ ಕೂಗಿದ್ದವು. ಹಾಗಾಗಿ ನಾನೂ ಆ ಮೂಲೆಯನ್ನು ಸದಾ ಬೇಗ ಬೇಗ ದಾಟಿದವನೇ.

ನನಗೆ ಇಳಿಜಾರಿನಲ್ಲಿ ಹಳೆಯ ಬೆಳ್ಳಿ ಪೆನ್ನಿಯ ಕಾಲುಭಾಗ ಸಿಕ್ಕಿತು, ಯಾರೋ ಚಿಲ್ಲರೆಗೆಂದು ನಾಲ್ಕು ತುಂಡು ಮಾಡಿ ಒಂದನ್ನು ಕಳಕೊಂಡದ್ದು. ತೋರಿಸೋಣವೆಂದು ತಲೆಯೆತ್ತಿದರೆ ರೋಲಂಡ್ ಮಂಡಿಯೂರಿ ಕೂತಿದ್ದ. ಟೋಪಿ ತೆಗೆದು ನೆಲದ ಮೇಲಿಟ್ಟಿದ್ದ. ಎದೆ ಹಿಡಿದುಕೊಂಡನೇನೋ ಎಂದು ಹೆದರಿ ನಾನು ಓಡಿದೆ. ಈ ವಯಸ್ಸಿನಲ್ಲಿ ನನ್ನ ಓಟವನ್ನು ಓಟ ಎನ್ನಬಹುದಾದರೆ.

ಅವನು ಅಂಗೈ ಚಾಚಿದ.

ಮಣ್ಣಿನ ಹೆಂಟೆ ಒಡೆದಿತ್ತು, ಒಳಗೆ ಹಳದಿ ಇತ್ತು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ತಟ್ಟೆಯಂತೆ ಸ್ವಲ್ಪ ಒಳಬಾಗಿದ ನಾಣ್ಯ. ಮೇಲೊಂದು ಕುದುರೆ. ಕಾಲು ಬೇರೆ, ಮೈ ಬೇರೆ, ಕತ್ತು ಬೇರೆ, ಆದರೂ ಓಡುತ್ತಿತ್ತು. ಕುದುರೆಯ ಮೇಲೆ ಒಂದು ಸೂರ್ಯ. ರೋಮನರು ಈ ನೆಲಕ್ಕೆ ಕಾಲಿಡುವ ಮೊದಲು ಇಲ್ಲಿದ್ದವರು ಅಚ್ಚು ಹೊಡೆದ ನಾಣ್ಯ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ನೋಡಿದ್ದೆ. ಗಾಜಿಲ್ಲದೆ, ಸ್ನೇಹಿತನ ಕೈ ಮೇಲೆ, ಇನ್ನೂ ಒದ್ದೆಯಾಗಿ ನೋಡಿದ್ದು ಆವತ್ತೇ. ಒಂದು ಚೂರೂ ಮಾಸಿರಲಿಲ್ಲ. ಇಲ್ಲಿ ಊರು ಬಂತು, ಚರ್ಚು ಬಂತು, ರಾಜರು ಬಂದು ಹೋದರು, ಇದು ಆಗ ಹೇಗಿತ್ತೋ ಹಾಗೇ ಇತ್ತು. ದೊಡ್ಡವರ ಮನೆಗೆ ಹೇಳದೆ ಕೇಳದೆ ಕಾಲಿಟ್ಟವನಂತೆ ನಾನು ಮೆತ್ತಗಾದೆ.

"ಇದೇನಾ ಅದರ ಸದ್ದು?" ಎಂದ ರೋಲಂಡ್. "ಕೆಮ್ಮು?"

ಹೌದು ಎಂದು ತಲೆಯಾಡಿಸಿದೆ. "ಕುಣಿಯೋ ಮತ್ತೆ," ಎಂದು ಬಾಯಿ ಅಗಲಿಸಿ, ಅವನಿಗೆ ತುಟಿ ಕಾಣುವಂತೆ ಹೇಳಿದೆ.

"ತಡಿ," ಎಂದು ಅವನು ಯಂತ್ರ ತೆಗೆದುಕೊಂಡು ತಾನು ಅಗೆದ ಗುಂಡಿಯ ಮೇಲೆ ಆಡಿಸಿದ. ಅವನ ಮುಖ ಬದಲಾಯಿತು. "ಕೆಳಗೆ ಇನ್ನೂ ಇದೆ. ಆಳದಲ್ಲಿ. ದೊಡ್ಡದಾಗಿ ಕೇಳ್ತಿದೆ."

ನನ್ನ ಕೈ ಸಲಿಕೆಯ ಮೇಲಿತ್ತು. ಅದು ಯಾವಾಗ ಹೋಯಿತೋ ತಿಳಿಯದು.

"ಇಡು ಅದನ್ನ," ಎಂದ.

"ಒಂದ್ ಗೇಣು ಅಗೆದ್ರೆ ಸಾಕಲ್ಲೋ. ನಾಳೆ ಟ್ರ್ಯಾಕ್ಟರ್ ಬರುತ್ತೆ."

"ನಾಳೆ ತಾನೇ ಬರೋದು? ಒಂದು ಸಿಕ್ಕಿದ್ರೆ ನಮ್ದು. ಗುಡ್ಡೆ ಸಿಕ್ಕಿದ್ರೆ ಕೈ ತೆಗ್ದು ಮ್ಯೂಸಿಯಮ್ನೋರಿಗೆ ತಿಳಿಸ್ಬೇಕು, ಅದು ಕಾನೂನು. ಎಲ್ಲರಿಗೂ ಬೋಧನೆ ಮಾಡೋನು ನೀನೇ ಅಲ್ವಾ? ಇಷ್ಟು ವರ್ಷ ಕಾದೋನು ನಾನು. ಮಧ್ಯಾಹ್ನದ ತನಕ ಕಾಯಕ್ಕೆ ನಿಂಗೇನೋ ಕಷ್ಟ?"

ನನಗೆ ಸಿಟ್ಟು ಬಂತು. ಅವನು ಹೇಳಿದ್ದು ಸರಿಯಾದ್ದರಿಂದ ಇನ್ನೂ ಹೆಚ್ಚು ಬಂತು. ಸಲಿಕೆ ಎಸೆದು, ಜಿಲ್ಲಾ ಮ್ಯೂಸಿಯಮ್ಮಿನಲ್ಲಿ ಇಂಥದ್ದನ್ನು ನೋಡಿಕೊಳ್ಳುವ ಫ್ರೇಯಾಗೆ ಫೋನ್ ಮಾಡಿದೆ. ಏನನ್ನೂ ಮುಟ್ಟಬೇಡಿ, ಊಟದ ಹೊತ್ತಿಗೆ ಬರುತ್ತೇನೆ ಎಂದಳು. ನಾವಿಬ್ಬರೂ ಗುಂಡಿಯ ಎರಡು ಪಕ್ಕದಲ್ಲಿ ಕೂತು ಫ್ಲಾಸ್ಕಿನ ಟೀ ಕುಡಿದೆವು. ರೋಲಂಡ್ ಚೀಸ್ ಹಾಕಿದ ಬ್ರೆಡ್ಡನ್ನು ಬಿಚ್ಚಿ, ಫಾಯಿಲನ್ನು ಮಡಿಸಿ ಭದ್ರವಾಗಿ ಜೇಬಿಗಿಟ್ಟ.

ಫ್ರೇಯಾ ಬಂದಳು. ಅವಳ ಹಿಂದೆ ಸುದ್ದಿ ತಿಳಿದ ಮಿಸೆಸ್ ಅಟ್ಟಿಂಗ್, ಪ್ಲಮ್ ಕೇಕು ಹಿಡಿದು. ಫ್ರೇಯಾ ಹೊಟ್ಟೆಯ ಮೇಲೆ ಮಲಗಿ ಸಣ್ಣ ಕರಣೆಯಲ್ಲಿ, ಆಮೇಲೆ ಕುಂಚದಲ್ಲಿ ಮಣ್ಣು ಬಿಡಿಸತೊಡಗಿದಳು. ಆ ನಿಧಾನ ನೋಡಿ ನನಗೆ ಹಲ್ಲು ಕಡಿಯುವಂತಾಯಿತು. ಹಳದಿ ಅಂಚೊಂದು ಕಂಡಿತು, ಪಕ್ಕದಲ್ಲಿ ಇನ್ನೊಂದು. ನಾಣ್ಯಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಬಿಸಿಲು ಮರದಿಂದ ಸರಿದು ಈಚೆ ಬಂದಾಗ ಅವಳು ಕುಂಚ ಕೆಳಗಿಟ್ಟು ಹಿಂದೆ ಸರಿದಳು.

"ಆಕಾರ ನೋಡಿ," ಎಂದಳು, ಪಿಸುದನಿಯಲ್ಲಿ.

ಕೆಳಗೆ ಗುಂಡಗೆ, ತುಂಬಿದ ಹೊಟ್ಟೆ. ಮೇಲಕ್ಕೆ ಬರುತ್ತಾ ಕಿರಿದಾಗಿ, ಒಂದು ಕುತ್ತಿಗೆ. ಕುತ್ತಿಗೆಯಲ್ಲಿ ಎರಡು ನಾಣ್ಯ ಓರೆಯಾಗಿ ಸಿಕ್ಕಿಕೊಂಡಿದ್ದವು. ಅದು ಚೀಲ. ತೊಗಲೋ ಬಟ್ಟೆಯೋ, ಎಂದೋ ಮಣ್ಣಾಗಿ ಹೋಗಿತ್ತು. ಒಂದು ಎಳೆಯೂ ಉಳಿದಿರಲಿಲ್ಲ. ನಾಣ್ಯಗಳು ಮಾತ್ರ ಚೀಲ ಹಿಡಿದಿಟ್ಟಂತೆಯೇ ಇದ್ದವು. ಯಾರೋ ಬಾಯಿಕಟ್ಟಿ ಬಿಗಿದು, ಈ ದಿಬ್ಬದ ಮೇಲೆ ಮಂಡಿಯೂರಿ, ರೋಲಂಡ್ ಊರಿದ ಕಡೆಯೇ ಊರಿ, ಕೆಳಗಿಟ್ಟು ಮಣ್ಣು ಮುಚ್ಚಿ ಎದ್ದು ಹೋಗಿದ್ದರು. ಮತ್ತೆ ಬರುತ್ತೇನೆ ಅಂದುಕೊಂಡೇ ಹೋಗಿರಬೇಕು. ಬಿಗಿದ ಗಂಟು ಈಗ ಇರಲಿಲ್ಲ, ಆದರೂ ನನಗೆ ಸ್ಪಷ್ಟವಾಗಿ ಕಂಡಿತು.

ನನ್ನ ಸಲಿಕೆ ಒಂದೇ ಒಂದು ಸಲ ಬಿದ್ದಿದ್ದರೆ ಅದು ಬರೀ ಚಿನ್ನದ ಗುಡ್ಡೆಯಾಗುತ್ತಿತ್ತು.

ಮಿಸೆಸ್ ಅಟ್ಟಿಂಗ್ ಮದುವೆಯಾಗಿ ಬಂದಂದಿನಿಂದ ಈ ಹೊಲ ದಾಟಿದವರು. ಕೇಕಿನ ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತಿದ್ದರು. ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಇವರನ್ನ ಎತ್ತೋ ಮುಂಚೆ," ಎಂದ ರೋಲಂಡ್. ನಾಣ್ಯಗಳಿಗೆ ಇವರು ಎಂದ, ಯಾರೂ ತಿದ್ದಲಿಲ್ಲ. "ಮುಟ್ಟಲ್ಲ ಕಣಮ್ಮಾ. ಮೇಲಿಂದ ಒಂದ್ಸಲ ಕೇಳ್ಲಾ?"

ಫ್ರೇಯಾ ಪಕ್ಕಕ್ಕೆ ಸರಿದಳು. ಅವನು ಹೆಡ್‌ಫೋನ್ ಹಾಕಿಕೊಂಡು ತಟ್ಟೆಯನ್ನು ಗಾಳಿಯಲ್ಲೇ ಆ ಚೀಲದ ಮೇಲೆ ಆಡಿಸಿದ. ಆ ಕಡೆ, ಈ ಕಡೆ. ಕಣ್ಣು ಮುಚ್ಚಿದ್ದ. ಬಹಳ ಹೊತ್ತು ಕೇಳಿದ. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದ.

ನಾನು ಕೇಳಿದೆ. ಮುಚ್ಚಿದ ಬಾಗಿಲ ಹಿಂದೆ ಯಾರೋ ಕೆಮ್ಮಿದ ಸದ್ದು. ಈಗ ಬಾಗಿಲು ತೆರೆದಿತ್ತು, ಅಷ್ಟೇ. ಆ ಸದ್ದು ನನಗೆ ಹೊಸದಾಗಿರಲಿಲ್ಲ. ವರ್ಷ ವರ್ಷವೂ ಈ ಮರದ ಹತ್ತಿರ ಮೆಲ್ಲಗೆ, ಆಳದಿಂದ, ನನ್ನ ಕಿವಿಗೆ ಬಿದ್ದಿತ್ತು. ಒಳ್ಳೆಯ ಕಿವಿಯ ನಾನು ಫಾಯಿಲ್ ಎಂದು ದಾಟಿ ಹೋಗಿದ್ದೆ.

"ಏನಪ್ಪಾ ರೋಲಂಡ್," ಎಂದರು ಮಿಸೆಸ್ ಅಟ್ಟಿಂಗ್, ಮೂಗು ಒರೆಸಿಕೊಳ್ಳುತ್ತಾ. "ನಿಮ್ಮೋರೆಲ್ಲ ಏನೋ ಕುಣೀತಾರಂತಲ್ಲ. ನನ್ ಹೊಲದಲ್ಲಿ ಯಾಕಿಲ್ಲ?"

ಅವರ ತುಟಿ ನೋಡಿ ಅವನಿಗೆ ಅರ್ಥವಾಯಿತು. ಹಿಂಜರಿದ. "ಯಾವ ತಾಳಕ್ಕೆ ಕುಣೀಲಮ್ಮಾ? ನೀವು ಚಪ್ಪಾಳೆ ತಟ್ಟಿದ್ರೂ ನಂಗೆ ಕೇಳ್ಸಲ್ಲ."

ನಾನು ಹೆಡ್‌ಫೋನಿನ ತಂತಿಯನ್ನು ಯಂತ್ರದಿಂದ ಕಿತ್ತೆ. ಸದ್ದು ಬಯಲಿಗೆ ಬಂತು. ಧ್ವನಿಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ತಟ್ಟೆಯನ್ನು ಚಿನ್ನದ ಮೇಲೆ ಒಂದೇ ಸಮನೆ ಆಡಿಸತೊಡಗಿದೆ. ಅದು ಕೆಳಗಿನ ಸ್ವರ, ಅವನಿಗೆ ಉಳಿದಿರುವ ಸ್ವರ. ರೋಲಂಡ್ ತಲೆ ಓರೆ ಮಾಡಿ ಕೇಳಿದ. ಒಂದು ಬೂಟು ಎತ್ತಿದ, ಇಟ್ಟ. ಇನ್ನೊಂದು ಎತ್ತಿದ. ಆಮೇಲೆ ಆ ದಪ್ಪ ಮನುಷ್ಯ ಎರಡೂ ಕೈ ಚಾಚಿ, ಕೂಳೆಯ ನಡುವೆ, ಎಡವುತ್ತಾ, ತಾಳ ತಪ್ಪದೆ ಸುತ್ತತೊಡಗಿದ.

ನನ್ನ ತೋಳು ಸೋಲುತ್ತಾ ಬಂತು. ಆದರೂ ಆಡಿಸುತ್ತಲೇ ಇದ್ದೆ. ನಾನು ನಿಲ್ಲಿಸಿದರೆ ಅವನಿಗೆ ಕೇಳಿಸುವುದು ನಿಂತುಹೋಗುತ್ತಿತ್ತು.