ಒಂದೇ ಕಣ್ಣು ಬಂದಿತ್ತು

ಅಕ್ಕವ್ವ ಹೆಬ್ಬೆರಳಿನಿಂದ ತನ್ನ ಅಕ್ಕ ಸಾತವ್ವನ ಬಲಗಣ್ಣಿನ ರೆಪ್ಪೆಯನ್ನು ಮತ್ತೊಮ್ಮೆ ಕೆಳಗೆ ಒತ್ತಿ ಹಿಡಿದಳು. ಬೆರಳು ತೆಗೆದದ್ದೇ ತಡ, ರೆಪ್ಪೆ ಮೆಲ್ಲಗೆ ಮೇಲೆದ್ದು ಒಳಗಿನ ಬಿಳಿಗಣ್ಣು ಕಂಡಿತು.

"ಮುಚ್ಚವಲ್ದು," ಎಂದಳು. "ಇದಕ್ಕ ಏನೋ ನೋಡೂದು ಉಳದೈತಿ."

ಸಾತವ್ವ ನಸುಕಿನಲ್ಲಿ ಎದೆನೋವೆಂದು ಎದ್ದು ಕೂತವಳು ಹಾಗೇ ಹೋಗಿಬಿಟ್ಟಿದ್ದಳು. ಖಾನಾಪುರದ ಮನೆಯ ಪಡಸಾಲೆಯಲ್ಲಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸೊಸೆ ಮಾಯಾ ಗೋಡೆಯ ಮಾಡಿನಲ್ಲಿದ್ದ ಕರಿ ಚಷ್ಮಾ ತಂದು ಅತ್ತೆಯ ಮುಖಕ್ಕೆ ಏರಿಸಿದಳು. ಈಚಿನ ವರ್ಷಗಳಲ್ಲಿ ಆ ಚಷ್ಮಾ ಇಲ್ಲದೆ ಅವಳನ್ನು ಯಾರೂ ಕಂಡಿರಲಿಲ್ಲ.

"ಈಗ ನಮ್ಮ ವೈನಿ ಕಂಡಂಗ ಕಂಡ್ಲು," ಎಂದ ಮೈದುನ ರಾಮಲಿಂಗ. "ಭಾಳ ಹಟಮಾರಿ. ಊರಾಗ ಡಾಕ್ಟರಿಗೇನು ಬರಗಾಲಿತ್ತೇನು? ನಂದಿಬಟ್ಟಲ ಹೂವಿನ ರಸ ಹಿಂಡಕೊಂಡು ಕೈಯಾರೆ ಕಣ್ಣ ಕಳಕೊಂಡ್ಲು."

ಅಳುತ್ತಿದ್ದ ಹೆಂಗಸರು ಅಷ್ಟರಲ್ಲೇ ಒಂದಿಷ್ಟು ನಕ್ಕರು. ಸತ್ತವರ ಒಂದು ಪೆದ್ದುತನ ನೆನೆದು ನಗುವುದು ಎಲ್ಲರಿಗೂ ಹಗುರ ಅನಿಸುತ್ತದೆ. ಹೊಸ್ತಿಲ ಆಚೆ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಮಗ ಸೋಮಲಿಂಗ ಮಾತ್ರ ತಲೆ ಎತ್ತಲಿಲ್ಲ. ಹೂವಿನ ರಸದ ಆ ಕತೆಯನ್ನು ಕಟ್ಟಿದವನೇ ಅವನು.

*

ಕೆಲವು ವರ್ಷಗಳ ಹಿಂದಿನ ಆ ಮಳೆಗಾಲ ಇಡೀ ಬೆಳಗಾವಿಗೆ ಕಣ್ಣು ಬಂದಿದ್ದವು. ಸಿಟಿ ಬಸ್ಸು ಹತ್ತಿದರೆ ಅರ್ಧ ಮಂದಿ ಕರಿ ಚಷ್ಮಾ. ಸೋಮಲಿಂಗ ಕೆಲಸ ಮಾಡುವ ಫೌಂಡ್ರಿಯಲ್ಲಿ ಒಬ್ಬರ ಹಿಂದೊಬ್ಬರು ರಜೆ ಹಾಕಿದ್ದರು. ಅದೇ ಹೊತ್ತಿಗೆ ಅವನ ಪೀರನವಾಡಿಯ ಹೊಸ ಮನೆಯ ವಾಸ್ತುಶಾಂತಿ ಬಂತು. ಸಾಹೇಬರು ಊಟಕ್ಕೆ ಬರುವವರಿದ್ದರು.

ಹಿಂದಿನ ಸಂಜೆ ಸಾತವ್ವ ಹಣೆ ಒತ್ತಿಕೊಳ್ಳುತ್ತ ಬಂದು ನಿಂತಳು. "ಸೋಮ್ಯಾ, ನನಗ ಒಂದ ಕಣ್ಣ ಬಂದೈತಿ ನೋಡ."

"ಇನ್ನೊಂದು ನಾಳಿ ಬರ್ತೈತಿ ಬಿಡಬೇ," ಎಂದು ಅವನು ನಕ್ಕಿದ್ದ.

"ಪಿಸರು ಇಲ್ಲ, ತುರಿಕಿ ಇಲ್ಲ. ಬರೇ ತಲಿ ಸಿಡೀತೈತಿ. ಬಲ್ಬಿನ ಸುತ್ತ ಬಣ್ಣದ ಬಳಿ ಇಟ್ಟಂಗ ಕಾಣತೈತಿ."

ರಾತ್ರಿ ಅವಳು ವಾಂತಿ ಮಾಡಿಕೊಂಡಾಗ ಅವನು ಹೋಳಿಗೆ ಜಾಸ್ತಿ ಆಯಿತೆಂದ. ಯಾರೋ ಬಳಸಿ ಬಿಟ್ಟಿದ್ದ ಡ್ರಾಪ್ಸ್ ಎರಡು ಹನಿ ಬಿಟ್ಟ. ಅಂಟುರೋಗ, ಬಂದ ಮಂದಿಗೆ ಹತ್ತೀತು ಎಂದು ಹಿತ್ತಲ ಕೋಣೆಯಲ್ಲಿ ಕೂರಿಸಿ ಕರಿ ಚಷ್ಮಾ ಹಾಕಿಸಿದ. ಚಷ್ಮಾ ಅವಳ ಕಣ್ಣಿಗೆ ತಂಪಾಗಲೆಂದು ತಂದದ್ದಲ್ಲ, ಅವಳ ಕಣ್ಣು ಮಂದಿಗೆ ಕಾಣಬಾರದೆಂದು ತಂದದ್ದು. ಹೊಸ ಮನೆಯ ಶಾಂತಿ ಮುಗಿಯುವವರೆಗೆ ಮನೆಯ ಹಿರಿಯಳು ಕತ್ತಲಲ್ಲಿ ಗೋಡೆಗೆ ಹಣೆ ಒತ್ತಿ ಕೂತಿದ್ದಳು. ಮರುದಿನವೂ ನೆಂಟರು ಇದ್ದರು.

ಕೊನೆಗೂ ದವಾಖಾನೆಗೆ ಹೋದಾಗ ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿದರು. "ಇದು ಕಣ್ಣ ಬಂದದ್ದಲ್ರಿ. ಕಣ್ಣಿನೊಳಗ ಒತ್ತಡ ಏರಿ ನರ ಸತ್ತೈತಿ. ಕಣ್ಣ ಬಂದ್ರ ಪಿಸರು ಬರ್ತೈತಿ, ಚುಚ್ಚತೈತಿ, ಆದ್ರ ನೋಟ ಹೋಗೂದಿಲ್ಲ. ಒಂದ ಕಣ್ಣ ಕೆಂಪಾಗಿ, ತಲಿ ಸಿಡದು, ವಾಂತಿ ಆಗಿ, ಮಂಜ ಕಂಡ್ರ ಒಂದ ತಾಸೂ ಕಾಯಬಾರದು. ಅವತ್ತ ಬಂದಿದ್ರ ಔಷಧ ಕೊಟ್ಟು, ಲೇಸರ್ ಮಾಡಿ ಉಳಸಬಹುದಿತ್ತು." ಆಮೇಲೆ ಕೇಳಿದರು, "ಇವರಿಗೆ ಅಕ್ಕತಂಗೇರು ಅದಾರೇನು? ಅವರಿಗೂ ಬರಬಹುದು. ಕರಕೊಂಡ ಬಂದು ತೋರಸ್ರಿ."

ಖಾನಾಪುರದಲ್ಲಿ ಮಂದಿ ಕೇಳಿದಾಗ, ತಾಯಿ ಬಾಯಿ ತೆರೆಯುವ ಮೊದಲೇ ಸೋಮಲಿಂಗ ಹೇಳಿದ: "ಯಾರೋ ಹೇಳಿದ್ರಂತ ನಂದಿಬಟ್ಟಲ ರಸ ಹಾಕ್ಕೊಂಡಾಳ್ರಿ." ಸಾತವ್ವ ಉಳಿದೊಂದು ಕಣ್ಣಿನಿಂದ ಮಗನ ಮುಖ ನೋಡಿದಳು. "ಹೌದ್ರಿ," ಎಂದಳು. "ನನಗ ತಿಳೀಲಿಲ್ಲ."

ಹಾಗೆ ಹೇಳಿದ ಮೇಲೆ ತಾಯಿಯ ತಂಗಿ, ಚಿಗವ್ವ ಅಕ್ಕವ್ವನನ್ನು ದವಾಖಾನೆಗೆ ಕರೆಯುವ ದಾರಿಯೇ ಉಳಿಯಲಿಲ್ಲ. ಕರೆದರೆ ಯಾಕೆಂದು ಕೇಳುತ್ತಿದ್ದಳು. ಅವನು ಕರೆಯಲಿಲ್ಲ.

*

ಬಚ್ಚಲ ಕಡೆಯಿಂದ ವಾಂತಿಯ ಸದ್ದು ಕೇಳಿತು. ಅಕ್ಕವ್ವ ಗೋಡೆ ಹಿಡಿದು ಬಗ್ಗಿದ್ದಳು.

"ಮುಂಜಾನಿಂದ ಚಾ ಸುದ್ದಾ ಕುಡದಿಲ್ಲ," ಎಂದಳು ಒಬ್ಬಳು. "ಅತ್ತು ಅತ್ತು ಕಣ್ಣ ನೋಡು ಹೆಂಗ ಕೆಂಪಾಗೇತಿ."

ತಂಬಿಗೆಯಲ್ಲಿ ನೀರು ತಂದ ಸೋಮಲಿಂಗ ಚಿಗವ್ವನ ಮುಖ ನೋಡಿದ. ಪಕ್ಕದಲ್ಲಿ ನಿಂತ ಮಾಯಾಳ ಕಣ್ಣೆರಡೂ ಕೆಂಪಾಗಿದ್ದವು. ಮನೆಯಲ್ಲಿದ್ದ ಎಲ್ಲರದೂ ಹಾಗೆಯೇ. ಅಕ್ಕವ್ವನದು ಎಡಗಣ್ಣು ಮಾತ್ರ ಕೆಂಪಾಗಿತ್ತು. ಅದರ ಕರಿಗುಡ್ಡೆಯ ಮೇಲೆ ಉಗಿ ಹಿಡಿದ ಗಾಜಿನ ಹಾಗೆ ಮಂಕು.

"ಚಿಗವ್ವ, ಆ ಕಣ್ಣಿಲೆ ನಾ ಕಾಣತೇನೇನು?"

"ಮಂಜ ಮಂಜ. ಹುಬ್ಬಿನಾಗ ಮೊಳಿ ಬಡದಂಗ ಆಗೇತಿ." ಅವಳು ದನಿ ತಗ್ಗಿಸಿದಳು. "ಅಕ್ಕನ ಮುಂದಿನ ದೀಪದ ಸುತ್ತ ಬಣ್ಣದ ಬಳಿ ಕಾಣಾಕತ್ತೈತಿ. ಅಕಿ ಜೀವ ಇನ್ನೂ ಇಲ್ಲೇ ಐತಿ ಅಂದಕೊಂಡು ನಾ ಯಾರಿಗೂ ಹೇಳಿಲ್ಲ."

ಸೋಮಲಿಂಗ ತಂಬಿಗೆ ಕೆಳಗಿಟ್ಟು ಅವಳ ರಟ್ಟೆ ಹಿಡಿದ.

"ಏಳ್ಬೇ. ಈಗಿಂದೀಗ ಬೆಳಗಾಂವಿಗೆ ಹೋಗಬೇಕು."

"ಅಕ್ಕನ್ನ ಮಣ್ಣಿಗಿಡೂ ಮೊದಲಾ? ತಲಿ ಕೆಟ್ಟೈತೇನು ನಿಂದು?"

"ಕಣ್ಣ ಹೋಗ್ತೈತಿ."

"ಯಾಕ ಹೋಗ್ತೈತಿ? ನಾ ಏನ ಅಕಿ ಹಂಗ ರಸಾ ಗಿಸಾ ಹಾಕ್ಕೊಂಡೇನೇನು?"

ಪಡಸಾಲೆಯ ಮಂದಿ ಇತ್ತ ತಿರುಗಿದ್ದರು. ಗೋಡೆಗೊರಗಿದ ಸಾತವ್ವನೂ ಕರಿ ಚಷ್ಮಾದಿಂದ ಇತ್ತಲೇ ನೋಡುವ ಹಾಗಿತ್ತು. ಸೋಮಲಿಂಗನಿಗೆ ನೆಲ ಬಿರಿದರೆ ಸಾಕು ಅನ್ನಿಸಿತು.

"ಅವ್ವ ಏನೂ ಹಾಕ್ಕೊಂಡಿರಲಿಲ್ಲ," ಎಂದ. "ಅಕಿಗೂ ಹಿಂಗ ಆಗಿತ್ತು. ಕಣ್ಣ ಬಂದೈತಿ ಅಂದು ನಾನ ಕೋಣ್ಯಾಗ ಕುಂದರಸಿದೆ. ಮನಿ ಶಾಂತಿಗೆ ಮಂದಿ ಬರೂದಿತ್ತು. ರಸದ ಮಾತು ಸುಳ್ಳು."

ರಾಮಲಿಂಗ ಬಾಯಿಗೆ ಒಯ್ಯುತ್ತಿದ್ದ ಎಲೆಯನ್ನು ಕೆಳಗಿಟ್ಟ. ಮಾಯಾ ಸೆರಗು ಬಾಯಿಗೊತ್ತಿ ನೆಲ ನೋಡಿದಳು. ಯಾರಾದರೂ ಬೈದಿದ್ದರೆ ಅವನಿಗೆ ಬದುಕಿದೆ ಅನ್ನಿಸುತ್ತಿತ್ತು.

ಅಕ್ಕವ್ವ ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡು ಅವನನ್ನೇ ನೋಡಿದಳು. "ನನಗೂ ಬರ್ತೈತಿ ಅಂತ ಡಾಕ್ಟರ ಹೇಳಿದ್ರೇನು?"

"ಹೇಳಿದ್ರು."

"ಯಾವಾಗ?"

"ಆವಾಗನ."

ಅವಳು ಅಂಗಳಕ್ಕೆ ಇಳಿದು, ತಡವರಿಸುತ್ತ ಕೂತು, ಒಂದು ಹಿಡಿ ಮಣ್ಣು ಕೆರೆದು ಅವನ ಅಂಗೈಗೆ ಸುರಿದಳು. "ಮೊದಲ ನಂದು ಹಾಕು. ನಿಂದು ಆಮ್ಯಾಲೆ."

ನೆರೆಮನೆಯ ಮುತ್ತಪ್ಪ ಗಾಡಿ ತೆಗೆದ. ಮಾಯಾ ಚಿಗವ್ವನನ್ನು ಹಿಡಿದು ಹತ್ತಿಸಿದಳು. ಗಂಡನ ಕಡೆ ತಿರುಗಿ ನೋಡಲಿಲ್ಲ.

*

ಹೊಲದ ದಾರಿಯಲ್ಲಿ ಅವನ ಬಾಜೂ ಯಾರೂ ನಡೆಯಲಿಲ್ಲ. ಗುಂಡಿಯ ಹತ್ತಿರ ಫೋನು ಬಂತು. ಮಾಯಾ.

"ಇಂಜೆಕ್ಷನ್ ಕೊಟ್ರು, ಗುಳಿಗಿ ಕೊಟ್ರು. ಒತ್ತಡ ಇಳ್ಯಾಕತ್ತೈತಿ. ಹೊತ್ತಿಗೆ ಬಂದೀರಿ ಅಂದ್ರು. ನಾಳಿ ಲೇಸರ್ ಅಂತ." ಆಮೇಲೆ ಕೇಳಿದಳು, "ಮಣ್ಣ ಹಾಕಿದ್ರೇನು ಅಂತ ಚಿಗವ್ವ ಕೇಳಾಕತ್ತಾರ."

"ಇನ್ನೂ ಇಲ್ಲ," ಎಂದು ಫೋನಿಟ್ಟ.

ಅವನು ಗುಂಡಿಗಿಳಿದು, ಆಗಲೇ ಒಳಗಿಳಿಸಿದ್ದ ತಾಯಿಯ ತಲೆ ಸರಿ ಮಾಡಿದ. ಅಕ್ಕವ್ವನ ಮಣ್ಣನ್ನು ಅವಳ ಎದೆಯ ಮೇಲೆ ಉದುರಿಸಿದ.

"ಚಷ್ಮಾ ತಗಿ," ಎಂದ ಮೇಲಿನಿಂದ ರಾಮಲಿಂಗ. ರಸದ ಸುಳ್ಳು ಹೊರಬಿದ್ದ ಮೇಲೆ ಅವನು ಆಡಿದ್ದು ಅದೊಂದೇ ಮಾತು.

ಸೋಮಲಿಂಗ ತೆಗೆದ. ಬಿಸಿಲು ನೇರ ಮುಖದ ಮೇಲೆ ಬಿತ್ತು. ಅರ್ಧ ತೆರೆದ ಬಿಳಿಗಣ್ಣನ್ನು ಗುಂಡಿಯ ಸುತ್ತ ನಿಂತವರೆಲ್ಲ ಬಗ್ಗಿ ನೋಡಿದರು. ಅವನು ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದ.

"ಮ್ಯಾಲ ಬಾ," ಎಂದರು ಯಾರೋ.

ಅವನು ಅಲ್ಲಾಡಲಿಲ್ಲ. ಅವರು ಕಾದರು, ಆಮೇಲೆ ಕಾಲಿನ ಕಡೆಯಿಂದ ಮಣ್ಣು ಎಳೆಯತೊಡಗಿದರು. ಮಣ್ಣು ತಾಯಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಸೋಮಲಿಂಗ ಇನ್ನೂ ಬೆರಳು ತೆಗೆದಿರಲಿಲ್ಲ.