ಬಲಕ್ಕೆ ಹೊರಳುವ ಚೆಂಡು

ಗಾಲ್ಫ್ ಚೀಲ ಕಾರಿನ ಡಿಕ್ಕಿಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಭಾವ ಒಂದು ಕಾಲನ್ನು ಬಂಪರಿಗೆ ಒತ್ತಿ ಎಳೆಯುತ್ತಿದ್ದರು. ಅಲ್ಲಿ ಇಡಬೇಕಾದ ಹೂವಿನ ಬುಟ್ಟಿ ಹಿಡಿದು ಅತ್ತೆ ಪಕ್ಕದಲ್ಲಿ ನಿಂತಿದ್ದರು. ಸ್ಮಶಾನಕ್ಕೆ ಹೊರಡಲು ಇನ್ನು ಅರ್ಧ ಗಂಟೆಯೂ ಇರಲಿಲ್ಲ.

“ಇದನ್ನ ಹೇಗೆ ತುರುಕಿದ್ನೋ ಮಹಾರಾಯ!”

“ಮೊದಲು ಹಿಡಿಕೆಗಳನ್ನ ಕೆಳಗೆ ಮಾಡಿ, ಭಾವ,” ಎಂದಳು ಸೊಸೆ. “ಅವರು ಹಾಗೇ ತೆಗೀತಿದ್ದಿದ್ದು.”

ಮೂರು ದಿನದ ಹಿಂದೆ ಅವಳ ಗಂಡನೇ ಇಟ್ಟ ಚೀಲ. ಗಾಲ್ಫ್ ಪಾಠ ಮುಗಿಸಿ, ಚೀಲ ಒಳಗಿಟ್ಟು, ಡಿಕ್ಕಿ ಮುಚ್ಚಿ, ಅಲ್ಲೇ ಕಾರಿಗೆ ಒರಗಿ ಕುಸಿದಿದ್ದ. ಹೃದಯ ನಿಂತಿದೆ ಎಂದರು ಡಾಕ್ಟರು. ಮೂವತ್ತೊಂಬತ್ತು ವರ್ಷ.

“ಈ ಶೋಕಿ ಒಂದು ಇಲ್ದಿದ್ರೆ…” ಎಂದು ಶುರು ಮಾಡಿದ ಅತ್ತೆ ಸೊಸೆಯ ಮುಖ ನೋಡಿ ಸುಮ್ಮನಾದರು. ಸೊಸೆಗೆ ಆ ಮಾತು ತಾಗಲಿಲ್ಲ. ಮೂರು ದಿನದಿಂದ ಅವಳಿಗೆ ತಿಳಿಯಬೇಕಾಗಿದ್ದುದು ಒಂದೇ: ಅವತ್ತು ಕೊನೆಯ ಚೆಂಡು ಎಲ್ಲಿಗೆ ಹೋಯಿತು? ಅದನ್ನು ಸಾವಿನ ಮನೆಯಲ್ಲಿ ಯಾರನ್ನು ಕೇಳುವುದು?

*

ಭಾವ, ಅವಳ ಗಂಡ, ಅಣ್ಣತಮ್ಮಂದಿರಿಬ್ಬರದೂ ಕಿಟಕಿಗೆ ಗಾಜು ಕೂರಿಸುವ ಕೆಲಸ. ಆಳೆತ್ತರದ ಗಾಜುಗಳನ್ನು ಅವುಚಿಕೊಂಡು ಮೆಟ್ಟಿಲು ಹತ್ತಿ ಹತ್ತಿ, ಗಂಡನ ಮೊಣಕೈ ಪಕ್ಕೆ ಬಿಟ್ಟು ಕದಲುವುದನ್ನೇ ಮರೆತಿತ್ತು. ಗಿರಾಕಿಯೊಬ್ಬರು ಹಳೆಯ ಗಾಲ್ಫ್ ಕೋಲುಗಳನ್ನು ಕೊಟ್ಟದ್ದೇ ನೆಪ, ಆಟದ ಹುಚ್ಚು ಹಿಡಿಯಿತು. ಹೊಡೆದ ಚೆಂಡೆಲ್ಲ ನೇರ ಹೊರಟು, ಏನೋ ಮರೆತು ಬಂದವರ ಹಾಗೆ ನಡುದಾರಿಯಲ್ಲಿ ಬಲಕ್ಕೆ ಹೊರಳುತ್ತಿತ್ತು. ಅದನ್ನು ಸರಿಪಡಿಸಲು ಎರಡು ವರ್ಷ ಭಾನುವಾರ ಭಾನುವಾರ ಪಾಠ. “ಕೈ ಬಿಚ್ಚಿ ಬೀಸ್ರಿ, ಇಲ್ಲಿ ಏನೂ ಒಡೆಯಲ್ಲ” ಎಂದು ಮೇಷ್ಟ್ರು ಗಂಟಲು ಹರಿದುಕೊಂಡದ್ದೇ ಬಂತು.

ಮನೆಯಲ್ಲಿ ಪೊರಕೆ ಹಿಡಿದು ಅಭ್ಯಾಸ. ಆ ಕೊನೆಯ ಭಾನುವಾರ ಪೊರಕೆ ಹಾಲಿನ ಪಾತ್ರೆಗೆ ತಗುಲಿ ಹಾಲೆಲ್ಲ ನೆಲದ ಪಾಲಾಯಿತು. ಅವಳು ಒರೆಸುತ್ತ, ತಲೆಯೆತ್ತದೆ, “ಇವತ್ತೂ ಬಲಕ್ಕೇ ಹೋದ್ರೆ ಮನೆಗೇ ಬರ್ಬೇಡಿ” ಎಂದಳು.

“ಅಪ್ಪಣೆ” ಎಂದು ಹೋದ.

ತಮಾಷೆಗೆ ಅಂದಿದ್ದಳೋ ಸಿಟ್ಟಿಗೋ, ಅವಳಿಗೇ ಈಗ ಗೊತ್ತಾಗುತ್ತಿಲ್ಲ.

*

ಮಣ್ಣು ಮುಗಿಸಿ ಮನೆಗೆ ಬಂದು ಎಲ್ಲರೂ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಬಾಗಿಲಲ್ಲಿ ವಯಸ್ಸಾದವರೊಬ್ಬರು ಟೋಪಿ ಹಿಂಡುತ್ತ ನಿಂತಿದ್ದರು. ಗಂಡ ಹೇಳುತ್ತಿದ್ದ, ಬಿಸಿಲಿಗೆ ಕಂದಿದ ಆ ಮೂಗು ನೋಡಿಯೇ ಗಾಲ್ಫ್ ಮೇಷ್ಟ್ರು ಎಂದು ಅವಳಿಗೆ ತಿಳಿಯಿತು.

“ಓ, ನೀವೇನಾ?” ಭಾವನ ದನಿ ಗಡುಸಾಗಿತ್ತು. “ಎರಡು ವರ್ಷ ಕಲಿಸಿದ್ರಲ್ಲ ಸ್ವಾಮಿ, ಒಂದಾದ್ರೂ ನೇರ ಹೋಯ್ತಾ?”

“ಕೊನೇದು ಹೋಯ್ತು,” ಎಂದರು ಮೇಷ್ಟ್ರು. “ನೇರ.”

“ಸದ್ಯ,” ಎಂದ ಭಾವ ಕುರ್ಚಿ ಎಳೆದುಕೊಟ್ಟರು. ಅತ್ತೆ ಕಣ್ಣೊರೆಸಿಕೊಂಡರು. ಆದರೆ ಮೇಷ್ಟ್ರು ಅದನ್ನು ಬಾಯಿಪಾಠ ಒಪ್ಪಿಸುವಂತೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಕಾಫಿ ಕೊಡುವ ನೆಪದಲ್ಲಿ ಅವರನ್ನು ಕಿಟಕಿಯ ಬಳಿಗೆ ಕರೆದೊಯ್ದಳು.

“ಮೇಷ್ಟ್ರೇ, ನನಗೆ ಸಮಾಧಾನ ಬೇಡ, ನಿಜ ಹೇಳಿ. ಬಲಕ್ಕೆ ಹೋದ್ರೆ ಮನೆಗೆ ಬರ್ಬೇಡಿ ಅಂದಿದ್ದೆ ನಾನು.”

“ಗೊತ್ತಮ್ಮ. ಬಂದವರೇ ಮೊದಲು ಅದನ್ನೇ ಹೇಳ್ಕೊಂಡು ನಕ್ಕರು.”

“ನಕ್ಕರಾ?”

“ಹೊಟ್ಟೆ ಹಿಡ್ಕೊಂಡು. ಎಂದಿನ ಹಾಗೆ ಚೆಂಡಿನ ಬುಟ್ಟಿ ಖಾಲಿಯಾಗೋ ತನಕ ಬಲಕ್ಕೇ ಹೊಡೆದ್ರು. ಕೊನೇ ಚೆಂಡು ಇಟ್ಟು, ‘ಮೇಷ್ಟ್ರೇ, ನನ್ನ ರಿಪೇರಿ ಬಿಡಿ. ಚೌಕಟ್ಟು ಸೊಟ್ಟ ಇದ್ರೆ ನಾವು ಗೋಡೆ ಒಡೆಯಲ್ಲ, ಗಾಜನ್ನೇ ಸೊಟ್ಟ ಕತ್ತರಿಸ್ತೀವಿ. ನೋಡೋರಿಗೆ ನೆಟ್ಟಗೇ ಕಾಣುತ್ತೆ’ ಅಂದ್ರು. ಗುರಿಯ ಬಾವುಟ ಇದ್ದಿದ್ದು ಎದುರಿಗೆ. ಇವರು ಎಡಗಡೆ ಬೇಲಿಗೆ ಮುಖ ಮಾಡಿ ನಿಂತ್ರು. ನಾನು ಬೈದೆ. ಹೊಡೆದೇಬಿಟ್ರು. ಚೆಂಡು ಬೇಲಿ ತನಕ ಹೋಗಿ, ಅದರ ಅಭ್ಯಾಸದ ಹಾಗೆ ಬಲಕ್ಕೆ ಹೊರಳಿ, ಬಾವುಟದ ಬುಡದಲ್ಲಿ ಹೋಗಿ ಕೂತ್ಕೊಳ್ತು.”

“ಆಮೇಲೆ?”

“ಇನ್ನೊಂದು ಬುಟ್ಟಿ ತರಿಸ್ಲಾ ಅಂದೆ. ‘ಬೇಡ, ಇನ್ನೊಂದು ಹೊಡೆದ್ರೆ ಬಣ್ಣ ಬಯಲಾಗುತ್ತೆ. ಮನೇಲಿ ಕೇಳಿದ್ರೆ ನೇರ ಹೋಯ್ತು ಅನ್ನಿ’ ಅಂದ್ರು. ಅರ್ಧ ಗಂಟೆ ಪಾಠ ಉಳಿದಿತ್ತಮ್ಮ. ಮನೆಗೆ ಅಂತ ಹೊರಟೇಬಿಟ್ರು.”

ಮೇಷ್ಟ್ರು ಕಾಫಿ ಮುಗಿಸಿ ಟೋಪಿ ಹಾಕಿಕೊಂಡರು.

ಅತ್ತೆ ಹತ್ತಿರ ಬಂದರು. “ಏನಂದ್ರಮ್ಮ ಅವರು? ನಿಜವಾಗ್ಲೂ ನೇರ ಹೋಯ್ತಂತಾ?”

“ಹೂಂ ಅತ್ತೆ. ನೇರ.”

ಕಾಫಿಯ ಹಬೆಗೆ ಮಸುಕಾದ ಕಿಟಕಿಯ ಗಾಜಿನ ಮೇಲೆ ಅವಳ ಬೆರಳು ಕೆಳಗಿನಿಂದ ಹೊರಟು, ಎಡಗಡೆಯ ಅಂಚಿನವರೆಗೂ ಹೋಗಿ, ನಿಧಾನವಾಗಿ ಬಲಕ್ಕೆ ಹೊರಳಿ, ಸರಿಯಾಗಿ ನಡುವೆ ಬಂದು ನಿಂತಿತು.