ಚಿಲಕವೆಂಬ ಊರು

ಬಲೂನು ಮೇಲೇರಿದ ದಿನ, ಮಧ್ಯಾಹ್ನ ಒಂದೂಕಾಲಿಗೆ, ನನಗೆ ನನ್ನ ಗಂಡನ ಗುರುತು ಸಿಕ್ಕಿತು. ಮುಖ ಕಾಣಲಿಲ್ಲ. ಅವನು ಕಡಿಸಿದ ಮರಗಳು ಕಂಡವು.

ನಾನು ಕೆಲಸ ಮಾಡುವುದು ಹಲ್ಲಿನ ಸೆಟ್ಟು ಮಾಡುವ ಜಾಗದಲ್ಲಿ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಮೇಣದಲ್ಲಿ ಹಲ್ಲು ಕೂರಿಸಿ, ತಿಕ್ಕಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇವೆ. ಬೀಗದ ಅಂಗಡಿಯ ಮೇಲೆ ಎರಡು ಕೋಣೆ, ಬೀದಿ ಕಡೆಗೊಂದು ಕಿಟಕಿ, ಹಿಂದಕ್ಕೊಂದು ಕಬ್ಬಿಣದ ಮೆಟ್ಟಿಲು. ಇದನ್ನು ನಡೆಸುವ ಮುದುಕರನ್ನು ಬೀದಿಯವರೆಲ್ಲ ದವಡೆ ಮಾವ ಎನ್ನುತ್ತಾರೆ. ಊರಿನ ಅರ್ಧ ಜನರ ನಗು ತಮ್ಮ ಕೈಯಲ್ಲಿದೆ ಎಂಬ ಜಂಬ ಅವರಿಗೆ. ಅವರ ಬಾಯಲ್ಲಿ ಮಾತ್ರ ಒಂದು ಹಲ್ಲೂ ಇಲ್ಲ. ಕೇಳಿದರೆ, "ಕುಂಬಾರನ ಮನೇಲಿ ಒಡಕು ಮಡಕೇನೇ ಇರೋದಮ್ಮ" ಎನ್ನುತ್ತಾರೆ.

ಊಟದ ಬಿಡುವಿನಲ್ಲಿ ನಾನು ಫೋನಿನಲ್ಲಿ ರಾಜ್ಯ ಕಟ್ಟುವ ಆಟ ಆಡುತ್ತೇನೆ. ಇಬ್ಬರು ಆಟಗಾರರು, ಒಬ್ಬರಾದ ಮೇಲೆ ಒಬ್ಬರು. ಊರು ಕಟ್ಟಬೇಕು, ಹೊಲ ಉಳಿಸಬೇಕು, ದಂಡು ಸಾಕಬೇಕು. ನನ್ನದು ಮುಗಿಯಿತು ಎಂದು ಬಲಮೂಲೆಯ ಗುಂಡಿ ಒತ್ತಿದರೆ ಎದುರಿನವರ ಸರದಿ. ಅಲ್ಲಿಯವರೆಗೆ ನಾನು ಮಾಡಿದ್ದು ಅವರಿಗೆ ಕಾಣುವುದಿಲ್ಲ. ಒಂದು ಸರದಿಗೆ ಒಂದು ದಿನದ ಗಡುವು. ಆಟ ತೆರೆದು ಕೂತಿದ್ದರೆ ನಮ್ಮ ಹೆಸರಿನ ಮುಂದೆ ಹಸಿರು ಚುಕ್ಕಿ ಉರಿಯುತ್ತದೆ.

ನನ್ನ ದಾರಿ ಒಂದೇ. ಮೊದಲು ಪುಸ್ತಕ, ಆಮೇಲೆ ಫಿರಂಗಿ. ಉಳಿದವರು ಶುರುವಿಗೇ ಕುದುರೆ ಕಟ್ಟಿದರೆ ನಾನು ಶಾಲೆ ಕಟ್ಟುತ್ತೇನೆ. ಐವತ್ತು ಸರದಿ ತಲೆತಗ್ಗಿಸಿ ಬಾಳುತ್ತೇನೆ, ಎದುರಿನವರು ಬೈದರೂ ಉಗುಳು ನುಂಗಿಕೊಂಡು ಇರುತ್ತೇನೆ. ಅವರು ಇನ್ನೂ ಈಟಿ ಮಸೆಯುತ್ತಿರುವಾಗ ನನ್ನ ಫಿರಂಗಿ ಹೊರಡುತ್ತದೆ. ಈ ವಿದ್ಯೆ ಬಂದದ್ದು ಏಟು ತಿಂದು. ಆಟ ಕಲಿಸಿದವನು ಗಂಡನೇ. ಅವನದು ಕುದುರೆ ನುಗ್ಗಿಸುವ ಆಟ. ನಾನು ಪುಸ್ತಕದ ದಾರಿ ಹಿಡಿದು ಮೊದಲ ಸಲ ಗೆದ್ದ ದಿನ ಅವನ ಫೋನು ಗೋಡೆಗೆ ಬಡಿಯಿತು, ಅದರ ಹಿಂದೆಯೇ ನನ್ನ ತಲೆ.

ಅವನ ಎರಡು ಚಾಳಿ ಹೇಳಿಬಿಡಬೇಕು. ಒಂದು, ಊರು ಕಟ್ಟಿದ ಕೂಡಲೇ ಸುತ್ತಲಿನ ಕಾಡನ್ನು ದುಂಡಗೆ ಬೋಳಿಸುತ್ತಿದ್ದ. "ಯಾರು ಬರ್ತಾರೆ, ಯಾರು ಹೋಗ್ತಾರೆ, ಎಲ್ಲ ಕಾಣ್ಬೇಕು." ಮನೆಯಲ್ಲೂ ಅಷ್ಟೆ. ಕಿಟಕಿಗೆ ಹಬ್ಬಿದ್ದ ಬಳ್ಳಿ ಕಿತ್ತ. ಬಚ್ಚಲುಮನೆಯ ಚಿಲಕದ ತಿರುಪು ಬಿಚ್ಚಿ ಚಿಲಕವನ್ನೇ ತೆಗೆದುಹಾಕಿದ. ಇನ್ನೊಂದು, ಎದುರಾಳಿ ಯೋಚಿಸುತ್ತಿರುವಾಗ ಎದ್ದವನು ಸೋತ ಹಾಗೆ ಎಂದು ನಂಬಿದ್ದ. ಮಗಳು ಪುಟ್ಟಿ ಹುಟ್ಟುವ ದಿನ ನಾನು ನೋವು ತಿನ್ನುತ್ತಾ ಬಾಗಿಲಲ್ಲಿ ನಿಂತಿದ್ದರೆ, "ಅವನು ಆಡ್ಲಿ, ನಂದು ಆಡಿ ಬರ್ತೀನಿ" ಎಂದು ಮುಕ್ಕಾಲು ಗಂಟೆ ಕೂತಿದ್ದ. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಪಕ್ಕದ ಮನೆಯಾಕೆ.

ಪುಟ್ಟಿಗೆ ಈಗ ಎಂಟು. ಅವಳನ್ನು ಕರೆದುಕೊಂಡು ಹೊರಬಿದ್ದು ಹದಿನಾಲ್ಕು ತಿಂಗಳಾಯಿತು. ಊರು, ನಂಬರು, ಕೂದಲು, ಮೂರನ್ನೂ ಬದಲಿಸಿದೆ. ನಮ್ಮ ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ಹೇಳಿದೆ. ಕೋರ್ಟು ಹೇಳಿದ ದಿನ ಅವನು ಹೊರಗೆ ನನ್ನ ಪಕ್ಕ ಹಾದುಹೋಗುತ್ತಾ, "ಹುಡುಕ್ತೀನಿ, ಇಬ್ರನ್ನೂ ಕರ್ಕೊಂಡ್ಹೋಗ್ತೀನಿ" ಎಂದಿದ್ದ. ಅವನು ಹೇಳಿದ್ದನ್ನು ಮಾಡದೆ ಬಿಟ್ಟದ್ದು ನನಗೆ ನೆನಪಿಲ್ಲ.

ಎರಡು ತಿಂಗಳ ಹಿಂದೆ ಗುಬ್ಬಿ ಎಂಬ ಹೆಸರಿನ ಆಟಗಾರ ನನ್ನ ಎದುರು ಬಂದು ಕೂತ. ನನ್ನ ಹೆಸರು ಇರುವೆ. ಗುಬ್ಬಿಯ ಬಳಿ ಕುದುರೆ ಬೇಕಾದಷ್ಟಿದ್ದವು, ಆದರೂ ಮೇಲೆ ಬೀಳಲಿಲ್ಲ. ಒಬ್ಬ ಗೂಢಚಾರ ಮಾತ್ರ ನನ್ನ ಒಂದೊಂದೇ ಊರಿನ ಬಾಗಿಲಿಗೆ ಬಂದು ನಿಂತು ಹೋಗುತ್ತಿದ್ದ. ಯಾರೋ ಪುಕ್ಕಲ, ಪಾಪ ಎಂದುಕೊಂಡೆ. ಹೋದ ವಾರ ಸೋಮವಾರ ನನ್ನ ಪಂಡಿತರು ಬಲೂನು ಕಂಡುಹಿಡಿದರು. ಬಲೂನು ದೂರದ ನೆಲ ತೋರಿಸುತ್ತದೆ. ಊರಿನ ಹೆಸರು ಮಾತ್ರ ಬಾಗಿಲಿಗೆ ಹೋದರೇ ಕಾಣುವುದು. ಗಡಿಯಾಚೆ ಹಾರಿಸಿದೆ. ಗುಬ್ಬಿಯ ಆರು ಊರು ಕಂಡವು. ಆರಕ್ಕೂ ಸುತ್ತ ದುಂಡಗೆ ಬೋಳು.

ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು. ಅವನು ಪುಕ್ಕಲನಲ್ಲ, ಓದುತ್ತಿದ್ದಾನೆ ಎಂದು ಆಗ ಹೊಳೆಯಿತು.

ಏಕೆಂದರೆ ನನಗೆ ಹೆಸರಿಡುವ ಹುಚ್ಚು. ಊರು ಕಟ್ಟಿದಾಗ ಕಣ್ಣಿಗೆ ಬಿದ್ದದ್ದೇ ಅದರ ಹೆಸರು. "ಊರಿಗೆ ಊರಿನ ಹೆಸರಿಡೇ, ಸಾಮಾನಿನ ಹೆಸರಿಡ್ಬೇಡ" ಎಂದು ಅವನು ಹಿಂದೆ ನಗುತ್ತಿದ್ದ. ನನ್ನ ರಾಜಧಾನಿ ಯಾವತ್ತೂ ಅಜ್ಜಿಮನೆ. ಆಟಕ್ಕೆ ಜೊತೆ ಹುಡುಕುವವರಿಗೆ ಅದೊಂದು ಹೆಸರು ಪಟ್ಟಿಯಲ್ಲೇ ಕಾಣುತ್ತದೆ. ಅದರಿಂದಲೇ ನನ್ನನ್ನು ಪತ್ತೆ ಮಾಡಿರಬೇಕು. ಆಮೇಲಿನವು ಬೀಗದಂಗಡಿ, ಹಲ್ಲೂರು. ನಾಲ್ಕೂ ಹತ್ತು, ಅಂದರೆ ನಮ್ಮ ಬೀದಿಯ ತುದಿಯಲ್ಲಿ ನಿಂತುಹೋಗಿರುವ, ಸುತ್ತಲ ಊರುಗಳಿಗೆಲ್ಲ ಗೊತ್ತಿರುವ ಗಡಿಯಾರ. ಐದನೆಯದಕ್ಕೆ ಪುಟ್ಟಿ ಹೆಸರಿಟ್ಟಿದ್ದಳು: ಹಳದಿ ಗೇಟು. ಅದು ಅವಳ ಶಾಲೆಯದು. ಹದಿನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಅಡಗಿದವಳು ನಾನೇ ಕೈಯಾರೆ ವಿಳಾಸ ಬರೆದು ಕೊಟ್ಟಿದ್ದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಇಷ್ಟು ದಿನ ಬೇರೆಯವರಿಗೆ ಹೇಳುತ್ತಿದ್ದೆ.

ಕೋರ್ಟಿನಲ್ಲಿ ನನ್ನ ಪರ ನಿಂತಿದ್ದ ವಕೀಲಮ್ಮನಿಗೆ ಫೋನು ಮಾಡಿದೆ. "ಆಟ ಬಿಟ್ಬಿಡ್ಲಾ ಮೇಡಂ?"

"ಬಿಟ್ರೆ ನಿಮಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಗತ್ತೆ. ಇವತ್ತೇ ಬಂದ್ಬಿಡ್ತಾನೆ."

"ಈಗಾಗ್ಲೇ ಬಂದಿದ್ರೆ?"

"ಎಲ್ಲಿದ್ದಾನೆ ಅಂತ ಒಂದು ಸುಳಿವು ಕೊಡಿ, ಅರ್ಧ ಗಂಟೇಲಿ ಪೊಲೀಸ್ರನ್ನ ಕಳಿಸ್ತೀನಿ. ಫೋನಲ್ಲಿ ಮರ ಕಡಿದಿದ್ದಾನೆ ಅಂತ ಹೇಳಿದ್ರೆ ಸ್ಟೇಷನ್ನಲ್ಲಿ ನಗ್ತಾರಮ್ಮ."

ಸುಳಿವು ಎಲ್ಲಿಂದ ತರಲಿ? ಆಗ ಅವನ ಸ್ವಭಾವ ನೆನಪಾಯಿತು. ಹೊಡೆಯುವ ಮೊದಲು, ಹೊಡೀತೀನಿ ಎಂದು ಹೇಳಿಯೇ ಹೊಡೆಯುತ್ತಿದ್ದ. ನನ್ನ ಊರುಗಳ ಹೆಸರು ಓದಿದವನು ತನ್ನ ಊರುಗಳಿಗೆ ಸುಮ್ಮನೆ ಹೆಸರಿಟ್ಟಿರುವುದಿಲ್ಲ. ನಾನು ಓದಲೆಂದೇ ಇಟ್ಟಿರುತ್ತಾನೆ. ಗೂಢಚಾರ ನನ್ನಲ್ಲಿರಲಿಲ್ಲ, ಅವನ ಊರುಗಳ ಬಾಗಿಲಿಗೆ ಫಿರಂಗಿಯನ್ನೇ ಹೊರಡಿಸಿದೆ.

ಅವತ್ತಿನಿಂದ ಒಂಬತ್ತು ದಿನ ನಾನು ಬದುಕಿದ್ದು ಹೇಗೆಂದು ನನಗೇ ಗೊತ್ತಿಲ್ಲ. ಪುಟ್ಟಿಯನ್ನು ಮನೆಯಲ್ಲಿ ಒಬ್ಬಳೇ ಬಿಡುವುದಕ್ಕಿಂತ ಮುನ್ನೂರು ಮಕ್ಕಳ ನಡುವೆ ಇದ್ದರೆ ಮೇಲೆಂದು ಶಾಲೆಗೆ ಕಳಿಸಿದೆ. ಯಾರು ಬಂದು ಕೇಳಿದರೂ ಕೊಡಬೇಡಿ ಎಂದು ಶಾಲೆಯ ಗೇಟು ಕಾಯುವ ಅಕ್ಕನ ಕೈ ಹಿಡಿದು ಹೇಳಿದೆ. ಬೀದಿಯಲ್ಲಿ ಹಿಂದೆ ಹೆಜ್ಜೆ ಕೇಳಿದರೆ ನಿಂತು ಚಪ್ಪಲಿ ಸರಿಮಾಡಿಕೊಂಡೆ, ಹಿಂದಿನವರು ಮುಂದೆ ಹೋಗಲಿ ಎಂದು. ಒಂದು ದಿನ ಮೇಲಿನ ದವಡೆಗೆ ಕೆಳಗಿನ ಹಲ್ಲು ಕೂರಿಸಿದೆ. ದವಡೆ ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹಾಕ್ಕೊಂಡೋರು ತಲೆಕೆಳಗಾಗಿ ನಿಂತು ಊಟ ಮಾಡ್ಬೇಕಾಗತ್ತಮ್ಮ" ಎಂದರು. ಆಮೇಲೆ ನನ್ನ ಮುಖ ನೋಡಿ ಬಾಗಿಲು ಹಾಕಿ ಬಂದು ಕೂತರು. ಎಲ್ಲ ಹೇಳಿದೆ. ಅವರು ಎದ್ದುಹೋಗಿ ಹಿಂದಿನ ಮೆಟ್ಟಿಲ ಬಾಗಿಲಿನ ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಟ್ಟರು.

ಮೊದಲು ಗೆದ್ದ ಊರಿನ ಹೆಸರು ತೆರೆಯ ಮೇಲೆ ಮೂಡಿತು: ಚಿಲಕ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಎರಡನೆಯದು ಹನ್ನೊಂದರ ಬಸ್ಸು. ನಮ್ಮ ಊರಿಗೆ ಬರುವ ಬಸ್ಸು ಅದು. ಮೂರನೆಯದು, ನಾಲ್ಕನೆಯದು ಬರೀ ಬೈಗುಳ, ಬರೆಯಲಾರೆ. ಐದನೆಯದು ನಾಲ್ಕೂ ಹತ್ತು. ಗಡಿಯಾರದ ಕೆಳಗೆ ಬಂದು ನಿಂತು ಹೋಗಿದ್ದಾನೆ. ಇಷ್ಟಾದರೂ ಎಲ್ಲಿ ಉಳಿದುಕೊಂಡಿದ್ದಾನೆ ಎಂಬುದು ಮಾತ್ರ ಸಿಗಲಿಲ್ಲ.

ಬುಧವಾರ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಆರನೆಯ ಊರಿನ ಗೋಡೆ ಬಿತ್ತು. ಆಟದಲ್ಲಿ ಊರಿನ ಹೆಸರು ಬದಲಿಸಬಹುದು, ಗೆದ್ದವರಿಗೆ ಬದಲಿಸಿದ ದಿನವೂ ಕಾಣುತ್ತದೆ; ಇದಕ್ಕೆ ಹಿಂದಿನ ದಿನವಷ್ಟೇ ಹೊಸ ಹೆಸರು ಇಟ್ಟಿದ್ದ: ಎದುರಿನ ಲಾಡ್ಜು, ಮೂರನೇ ಮಹಡಿ.

ನನ್ನ ಬೆನ್ನಿಗೆ ಕಿಟಕಿ. ಕಿಟಕಿಯಾಚೆ ಬೀದಿ, ಬೀದಿಯಾಚೆ ಲಾಡ್ಜು.

ತಿರುಗಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಬಾಯೊಳಗೆ ಹಾಕಿ ನೋಡುವ ಪುಟ್ಟ ಕನ್ನಡಿ ಮೇಜಿನ ಮೇಲಿತ್ತು. ಅದನ್ನೆತ್ತಿ ಒಂದು ದವಡೆಯನ್ನು ಪರೀಕ್ಷಿಸುವಂತೆ ಹಿಡಿದು ಭುಜದ ಮೇಲಿಂದ ನೋಡಿದೆ. ಕನ್ನಡಿಯಲ್ಲಿ ಮೊದಲು ಆಕಾಶ ಬಂತು, ಆಮೇಲೆ ಗೋಡೆ, ಆಮೇಲೆ ಮೂರನೇ ಮಹಡಿಯ ಕಿಟಕಿ. ಕುರ್ಚಿಯಲ್ಲಿ ಒಬ್ಬ ಕೂತಿದ್ದ, ತಲೆ ಬಗ್ಗಿಸಿ ಫೋನು ನೋಡುತ್ತ. ಆ ನೆತ್ತಿ ನನಗೆ ಗೊತ್ತು. ನನ್ನ ಫೋನಿನಲ್ಲಿ ಗುಬ್ಬಿಯ ಹೆಸರಿನ ಮುಂದೆ ಹಸಿರು ಚುಕ್ಕಿ ಉರಿಯುತ್ತಿತ್ತು.

ಅಲ್ಲಿಂದ ಶಾಲೆಯ ಗೇಟೂ ಕಾಣುತ್ತದೆ. ಮೂರಕ್ಕೆ ಶಾಲೆ ಬಿಡುತ್ತದೆ. ಎದ್ದು ಓಡಿದರೆ ಅವನೂ ಏಳುತ್ತಾನೆ, ಅವನ ಕಾಲು ನನ್ನ ಕಾಲಿಗಿಂತ ಜೋರು. ಆಗ ಕಣ್ಣು ಬಲಮೂಲೆಯ ಗುಂಡಿಯ ಮೇಲೆ ಬಿತ್ತು. ನಾನು ಅದನ್ನು ಒತ್ತಿರಲಿಲ್ಲ. ಊರು ಬಿದ್ದದ್ದು ಅವನಿಗಿನ್ನೂ ಗೊತ್ತಿಲ್ಲ. ಅವನ ಪಾಲಿಗೆ ನಾನು ಯೋಚಿಸುತ್ತಿದ್ದೇನೆ.

ದವಡೆ ಮಾವನ ಫೋನಿನಿಂದ ವಕೀಲಮ್ಮನಿಗೆ ಲಾಡ್ಜಿನ ಹೆಸರು ಹೇಳಿ, ಪುಟ್ಟಿಯ ಶಾಲೆಗೆ ಹೋಗುತ್ತಿದ್ದೇನೆ ಎಂದೆ. ನನ್ನ ಫೋನನ್ನು ಮಾವನ ಮುಂದಿಟ್ಟೆ.

"ಮಾವ, ನನ್ನ ಟೋಪಿ ಹಾಕ್ಕೊಂಡು ನನ್ನ ಜಾಗದಲ್ಲಿ ಕೂತ್ಕೊಳ್ಳಿ, ಕಿಟಕಿಗೆ ಬೆನ್ನು ಮಾಡಿ. ನಿಮಿಷಕ್ಕೊಂದು ಸಲ ಇಲ್ಲಿ ನಡುವೆ ಮುಟ್ತಾ ಇರಿ, ಹಸಿರು ಚುಕ್ಕಿ ಆರ್ಬಾರ್ದು. ಈ ಮೂಲೆ ಗುಂಡಿ ಮಾತ್ರ ಜೀವ ಹೋದ್ರೂ ಮುಟ್ಬೇಡಿ."

"ಮುಟ್ಟಿದ್ರೆ?"

"ಅವನು ಎದ್ದುಬಿಡ್ತಾನೆ."

ಅವರು ಪ್ಲಾಸ್ಟರ್ ಮೆತ್ತಿದ ಬೆರಳನ್ನು ಮೂರು ಸಲ ಒರೆಸಿಕೊಂಡರು. ಪ್ಲಾಸ್ಟರ್ ಪುಡಿ ಬೀಳದಂತೆ ನಾನು ಕೆಲಸಕ್ಕೆ ಹಾಕುವ ನೀಲಿ ಟೋಪಿಯನ್ನು ಬೋಳುತಲೆಗೆ ಎಳೆದುಕೊಂಡರು. ನಾನು ಬಗ್ಗಿಕೊಂಡೇ ಒಳಕೋಣೆಗೆ ಸರಿದು, ಎಣ್ಣೆ ಕುಡಿದ ಚಿಲಕ ಸದ್ದಿಲ್ಲದೆ ತೆಗೆದು ಹಿಂದಿನ ಮೆಟ್ಟಿಲಿಳಿದೆ.

ಹಿಂದಿನ ಓಣಿ ಶಾಲೆಯ ಪಕ್ಕದ ಬಾಗಿಲಿಗೆ ಹೋಗುತ್ತದೆ. ಗೇಟಿನ ಅಕ್ಕ ನನ್ನನ್ನು ಕಂಡು ಬೇಗ ಬೇಗ ಬಂದಳು. "ನೀವು ಹೇಳಿದ್ದು ಒಳ್ಳೇದಾಯ್ತು. ಬೆಳಿಗ್ಗೆ ಒಬ್ರು ಬಂದಿದ್ರು, ಮಗೂಗೆ ಮಾವ ಆಗ್ಬೇಕಂತೆ. ಕಳ್ಸಲ್ಲ ಅಂದೆ. ಮೂರು ಗಂಟೆಗೆ ಬರ್ತೀನಿ ಅಂತ ನಗ್ತಾ ಹೋದ್ರು."

ಬಂದವನು ಅವನೇ; ಪುಟ್ಟಿಯನ್ನು ತರಗತಿಯಿಂದ ಕರೆಸಿಕೊಂಡೆ. ನಮ್ಮಿಬ್ಬರನ್ನೂ ನಕಾಶೆ, ಮುರಿದ ಬೆಂಚು ಇಡುವ ಕೋಣೆಗೆ ಕಳಿಸಿ ಅವಳು ಹೊರಗಿನಿಂದ ಬೀಗ ಹಾಕಿದಳು. ಪುಟ್ಟಿ ನನ್ನ ತೊಡೆಯ ಮೇಲೆ ಕೂತು, "ಅಮ್ಮಾ, ಇವತ್ತು ಆಟ ಮುಗಿಸಿದ್ಯಾ?" ಎಂದಳು.

"ಇಲ್ಲ ಪುಟ್ಟಿ. ಇನ್ನೂ ನಂದೇ ಸರದಿ."

"ಬೇಗ ಆಡು ಮತ್ತೆ. ಅವ್ರಿಗೆ ಬೇಜಾರಾಗತ್ತೆ."

ಗೋಡೆಯ ಮೇಲೆ ಗಡಿಯಾರವಿತ್ತು. ಎರಡು ಗಂಟೆ. ಎರಡೂ ಹತ್ತು. ಮುದುಕರ ಬೆರಳು ಜಾರಿದರೆ? ಅವರ ಕೈಗೆ ನಡುಕವಿದೆ, ಕಪ್ಪಿನಿಂದ ಟೀ ಚೆಲ್ಲುತ್ತಾರೆ. ಸೀನಿದರೆ? ಬಗ್ಗಿ ಕೂತ ಬೆನ್ನು ನನ್ನದಲ್ಲವೆಂದು ಅವನಿಗೆ ಗೊತ್ತಾದರೆ? ಎರಡೂ ಇಪ್ಪತ್ತೈದಕ್ಕೆ ಹೊರಗೆ ಬೂಟಿನ ಸದ್ದಾಯಿತು. ಪುಟ್ಟಿಯ ಬಾಯಿಯ ಮೇಲೆ ಕೈಯಿಟ್ಟೆ. ಸದ್ದು ಬಾಗಿಲಿನ ಮುಂದೆ ನಿಂತಿತು, ಬೀಗ ಅಲುಗಿತು.

"ನಾನಮ್ಮ, ವಕೀಲೆ," ಎಂದು ದನಿ ಬಂತು. ಜೊತೆಗೊಬ್ಬ ಪೊಲೀಸಿನವಳಿದ್ದಳು. "ಸಿಕ್ಕಿದ. ಕುರ್ಚಿ ಬಿಟ್ಟು ಎದ್ದೇ ಇರ್ಲಿಲ್ಲ. ರಟ್ಟೆ ಹಿಡಿದು ಎಬ್ಬಿಸೋವಾಗ್ಲೂ ಫೋನ್ ತೋರಿಸಿ ಒಂದೇ ಮಾತು: 'ಸ್ವಲ್ಪ ತಾಳಿ, ಅವಳಿನ್ನೂ ಆಡಿಲ್ಲ.'"

ನಾನು ಅಳುತ್ತಿದ್ದೆ. ಎಷ್ಟು ದಿನ ಒಳಗಿಡುತ್ತಾರೆ ಎಂದು ಕೇಳಿದೆ. ವಕೀಲಮ್ಮ ಪುಟ್ಟಿಯ ತಲೆ ಸವರಿ, "ನೋಡೋಣ" ಎಂದಳು.

ವಾಪಸ್ ಬಂದಾಗ ದವಡೆ ಮಾವ ಟೋಪಿ ಹಾಕಿಕೊಂಡು ಅಲ್ಲೇ ಕೂತಿದ್ದರು, ತೆರೆಯ ನಡುವೆ ಬೆರಳು ಮುಟ್ಟಿಸುತ್ತ, ಬಾಯಲ್ಲಿ ಅರವತ್ತರವರೆಗೆ ಎಣಿಸುತ್ತ. ಗುಂಡಿ ಮುಟ್ಟಿಲ್ಲಮ್ಮ ಎಂದರು. ಸಾಕು ಮಾವ ಎಂದು ಫೋನು ತೆಗೆದುಕೊಂಡೆ. ಗುಬ್ಬಿಯ ಚುಕ್ಕಿ ಆರಿತ್ತು. ನಾನೂ ಗುಂಡಿ ಮುಟ್ಟಲಿಲ್ಲ. ಗಡುವಿಗೆ ಇನ್ನೂ ಇಪ್ಪತ್ತೆರಡು ಗಂಟೆ ಉಳಿದಿತ್ತು. ಅದು ಮುಗಿದ ಮೇಲೆ, ನಾನು ಒತ್ತಲಿ ಬಿಡಲಿ, ಸರದಿ ತಾನಾಗಿಯೇ ಅವನಿಗೆ ಹೋಗುತ್ತದೆ.